ಒಗ್ಗರಣೆ ಮನೇಲಿ ಶಿಂಚಾ

ಅಮೆರಿಕದ ಕ್ಯಾರೀಲಿ ನಾನು ಬಾಡಿಗೆಗಿದ್ದಿದ್ದು ರಾಜಲಕ್ಷ್ಮಿ ಆಂಟಿ ಮನೆ ಮಹಡಿ ಮೇಲೆ. ತೊಂಬತ್ತೆಂಟನೇ ಇಸ್ವಿ, ಕಂಪ್ಯೂಟರಿನ ವೈಟೂಕೆ ಕೆಲಸ ಅಂತ ಬೆಂಗಳೂರಿಂದ ಬಂದಿದ್ದೆ. ಕಾರಿಲ್ಲ, ಲೈಸೆನ್ಸಿಲ್ಲ, ಎಲ್ಲಿಗೆ ಹೋಗ್ಬೇಕಂದ್ರೂ ಆಂಟೀನೇ ಡ್ರೈವ್ ಮಾಡ್ಬೇಕು. ಹಾಗಾಗಿ ಅವರ ಕಥೆ ಮುಕ್ಕಾಲು ಭಾಗ ನಂಗೆ ಸಿಗ್ನಲ್‌ಗಳಲ್ಲಿ ನಿಂತಾಗ ಗೊತ್ತಾಗಿದ್ದು. ಇಂಥವರ ಬಗ್ಗೆ ಯಾರಾದ್ರೂ ಬರೀಬೇಕಪ್ಪ. ಯಾರೂ ಬರೆಯೋ ಹಾಗೆ ಕಾಣ್ಲಿಲ್ಲ, ಅದಕ್ಕೆ ನಾನೇ ಕೂತೆ.

ಆಂಟಿ ನಂಜನಗೂಡಿನವರು. ಅವರ ಯಜಮಾನ್ರು ಬಾಲಸುಬ್ರಹ್ಮಣ್ಯ ಅಂಕಲ್ ರಿಸರ್ಚ್ ಟ್ರಯಾಂಗಲ್ ಪಾರ್ಕಲ್ಲಿ ಒಂದು ಔಷಧಿ ಕಂಪ್ನೀಲಿ ಸೈಂಟಿಸ್ಟು. ಮಕ್ಕಳು ಸ್ಕೂಲಿಗೆ ಹೋಗಕ್ಕೆ ಶುರು ಮಾಡಿದ ಮೇಲೆ ಆಂಟಿ ಸುಮ್ನೆ ಕೂರ್ಲಿಲ್ಲ. ಡ್ರೈ ಕ್ಲೀನಿಂಗ್ ಅಂಗಡಿ ಒಂದರಲ್ಲಿ ಹೊಲಿಗೆ ಮಿಷನ್ ಹಾಕ್ಕೊಂಡು ಬಟ್ಟೆ ಆಲ್ಟರ್ ಮಾಡೋ ಕೆಲಸ ಹಿಡಿದ್ರು. ಕನ್ನಡ ಸಂಘದಲ್ಲಿ ಯಾರೋ ಕೇಳಿದ್ರಂತೆ, "ಸೈಂಟಿಸ್ಟ್ ಹೆಂಡ್ತಿ ಕಂಡೋರ ಪ್ಯಾಂಟ್ ಮಡಚಿ ಹೊಲಿಯೋದಾ?" ಆಂಟಿ ಹಾಗೆ ಕೇಳಿದವರ ಯಜಮಾನ್ರ ಕಾಲು ಕಡೆ ನೋಡಿ, "ನಿಮ್ಮನೇವ್ರದ್ದೂ ನೆಲ ಗುಡಿಸ್ತಿದೆ, ಸೋಮವಾರ ಕಳ್ಸಿ" ಅಂದ್ರಂತೆ. ಅವರೂ ಕಳಿಸಿದ್ರಂತೆ.

ಆ ಅಂಗಡಿಗೇ ಒಂದಿನ ಜಪಾನಿನ ಒಕುದಾ ಅನ್ನೋ ಹೆಂಗಸು ಬಂದಿದ್ದು. ಆಂಟಿ ಬಾಯಲ್ಲಿ ಅವರು ಒಕುದಮ್ಮ. ಕೋಟು ಚೆನ್ನಾಗಿ ಹೊಲಿದುಕೊಟ್ಟಿದ್ದಕ್ಕೆ ಒಕುದಮ್ಮ ಒಂದು ಪುಟ್ಟ ಬೆಳ್ಳಿ ಬಣ್ಣದ ಪ್ಯಾಕೆಟ್ ತಂದುಕೊಟ್ರು. ಶಿಂಚಾ. ಅಂದ್ರೆ ವರ್ಷದ ಮೊದಲನೇ ಕೊಯ್ಲಿನ ಹಸಿರು ಟೀ. ಒಕುದಮ್ಮನ ತೌರಿಂದ, ಶಿಜುವೊಕಾ ಅನ್ನೋ ಕಡೆಯಿಂದ ಮೇ ತಿಂಗಳಲ್ಲಿ ಪೋಸ್ಟಲ್ಲಿ ಬರುತ್ತೆ.

ಆಂಟಿ ಮನೆಗೆ ತಂದು ಏನು ಮಾಡಿದ್ರು ಹೇಳಿ. ನಾವೆಲ್ಲ ಏನು ಮಾಡ್ತೀವೋ ಅದೇ. ಹಾಲು, ಸಕ್ಕರೆ, ಶುಂಠಿ ಜಜ್ಜಿ ಹಾಕಿ ಉಕ್ಕೋವರೆಗೂ ಕುದಿಸಿದ್ರು. ಮಾರನೇ ವಾರ ಒಕುದಮ್ಮಂಗೆ ಮುಖಕ್ಕೇ ಹೇಳಿದ್ರು, "ನಿಮ್ಮ ಟೀ ಚೆನ್ನಾಗಿಲ್ಲ, ಹಸು ಕುಡಿಯತ್ತೆ ಅದನ್ನ." ಹೇಗೆ ಮಾಡಿದ್ರಿ ಅಂತ ಒಕುದಮ್ಮ ಕೇಳಿದ್ರು. ಹೇಳಿದ್ದು ಕೇಳಿ ಬಾಯಿಗೆ ಕೈ ಅಡ್ಡ ಇಟ್ಕೊಂಡು ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕು, ಅವತ್ತು ಸಾಯಂಕಾಲಾನೇ ಮನೆಗೆ ಕರ್ಕೊಂಡು ಹೋದ್ರಂತೆ.

ಅಲ್ಲಿ ಒಕುದಮ್ಮ ನೀರು ಕುದಿಸಿ, ಒಂದು ಬಟ್ಟಲಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸುರೀತಾ ಆರಿಸಿದ್ರು. ಕುದಿಯೋ ನೀರು ಹಾಕಿದ್ರೆ ಎಳೆ ಎಲೆ ಬೆಂದು ಕಹಿ ಬಿಡುತ್ತಂತೆ. "ಅಷ್ಟೇನಾ," ಅಂದ್ರಂತೆ ಆಂಟಿ, "ನಮ್ಮಮ್ಮ ದಿನಾ ಬೆಳಿಗ್ಗೆ ಮಾಡ್ತಿದ್ದಿದ್ದೇ ಇದು." ಮುಂದಿನ ಸಲ ಹೋಗುವಾಗ ಚೀಲದಲ್ಲಿ ಕಾಫಿ ಆರಿಸೋ ಸ್ಟೀಲಿನ ಲೋಟ, ದವರಾ ತಗೊಂಡು ಹೋದ್ರು. ಎತ್ತಿ ಎತ್ತಿ ಸುರಿದ್ರೆ ನೀರು ಬೇಗ ಆರುತ್ತೆ. ಕೈ ಬದಲಾಯಿಸದೆ ಲೋಟದ ಅಂಚು ಹಿಡ್ಕೊಳ್ಳಕ್ಕೆ ಆದ್ರೆ ಹದ ಬಂತು ಅಂತ ಲೆಕ್ಕ.

ನಂಗೂ ಕುಡಿಸಿದ್ರು. ಮೊದಲ ಗುಟುಕಿಗೆ ಎಳೆ ಅವರೆಕಾಳು ಬೇಯಿಸಿದ ಕಟ್ಟಿನ ಥರ ಇದೆ ಅನ್ನಿಸ್ತು. ಇದೇನಪ್ಪ ಅಂತ ಮುಖ ಮಾಡೋಷ್ಟರಲ್ಲಿ, ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಗಂಟಲಲ್ಲಿ ಬರುತ್ತಲ್ಲ, ಆ ಸಿಹಿ ಬಂತು. ಅಷ್ಟೇ. ಅವತ್ತಿಂದ ನಾನು ಆಂಟಿ ಪಾರ್ಟಿ.

ಒಕುದಮ್ಮನ ಜೊತೆ ಆಂಟಿ ಪಕ್ಕದೂರು ರಾಲೀಲಿದ್ದ ಒಂದು ಟೀ ಕ್ಲಬ್ಬಿಗೂ ಸೇರಿದ್ರು. ಏಳೆಂಟು ಹೆಂಗಸರು, ಜಾಸ್ತಿ ಅಲ್ಲಿನವರೇ. ಅದರ ಯಜಮಾನಿ ಡೊರತಿ, ಬೆಣ್ಣೆ ಹಚ್ಚಿದ ಮಾತಿನ ಹೆಂಗಸು. ಪ್ರತಿ ಮೇ ತಿಂಗಳು ಶಿಂಚಾ ಬಂದ ಮೇಲೆ ಒಬ್ಬೊಬ್ಬರ ಮನೇಲಿ ಸರದಿ ಮೇಲೆ ಟೇಸ್ಟಿಂಗು. ನಾನಿದ್ದ ವರ್ಷ ಆಂಟಿ ಸರದಿ. ಅದಕ್ಕೆ ಅಂತ ಹೊಸ ಪರದೆ ಹೊಲಿದು ಹಾಕಿದ್ರು ಪಾಪ.

ಟೇಸ್ಟಿಂಗಿನ ವಾರ, ಸೋಮವಾರ ಡೊರತಿ ಫೋನ್ ಬಂತು. ಆಂಟಿ ಸ್ಪೀಕರ್ ಹಾಕಿದ್ರು, ಕೈಯಲ್ಲಿ ದೋಸೆ ಹಿಟ್ಟಿತ್ತು.

"ಹನಿ, ನಾವೆಲ್ಲ ಯೋಚನೆ ಮಾಡಿದ್ವಿ. ಈ ಸಲ ಚರ್ಚ್ ಹಾಲಲ್ಲಿ ಮಾಡಿದ್ರೆ ಹೇಗೆ? ನಿಮಗೂ ತೊಂದ್ರೆ ತಪ್ಪತ್ತೆ. ಈ ಟೀ ತುಂಬ ಸೂಕ್ಷ್ಮ ನೋಡಿ. ನಿಮ್ಮನೇಲಿ ಆ ಮಸಾಲೆಗಳು, ಚೆಂದದ ಮಸಾಲೆಗಳೇ, ಆದ್ರೆ ಗೋಡೆಗೆಲ್ಲ ಹಿಡಿದಿರತ್ತಲ್ವಾ."

ಆಂಟಿ ಹಿಟ್ಟಿನ ಕೈ ಹಾಗೇ ಎತ್ತಿಕೊಂಡು ನಿಂತಿದ್ರು.

"ನಮ್ಮನೇಲೇ ಡೊರತಿ. ಶನಿವಾರ ಮೂರು ಗಂಟೆಗೆ. ಅಡ್ರೆಸ್ ನಿಮ್ಮ ಹತ್ರ ಇದೆ."

ಫೋನಿಟ್ಟ ಮೇಲೆ ಶುರುವಾಯ್ತು ನೋಡಿ. ಮನೇಲಿ ಒಗ್ಗರಣೆ ಬಂದ್. ಹುಳಿಪುಡಿ, ಇಂಗು, ಸಾಸಿವೆ ಡಬ್ಬ ಎಲ್ಲ ಗರಾಜಿಗೆ. ಕಾರ್ಪೆಟ್ ತೊಳೆಯೋ ಮಿಷನ್ ಬಾಡಿಗೆಗೆ ತಂದ್ರು. ನನ್ನ ಜಾಕೆಟ್ ಕೂಡ ಮೂಸಿ ನೋಡಿ ಒಗೆಯಕ್ಕೆ ಹಾಕಿದ್ರು. ಅಂಕಲ್ ಕಾಫಿ ಫಿಲ್ಟರ್ ಕೂಡ ಗರಾಜಿಗೆ ಹೋಯ್ತು. ಅವರು ಕ್ಯಾಂಪಿಂಗ್ ಸ್ಟೋವ್ ಹಚ್ಕೊಂಡು, ಹುಲ್ಲು ಕತ್ತರಿಸೋ ಮಿಷನ್ ಪಕ್ಕದಲ್ಲಿ ಮಡಚೋ ಕುರ್ಚಿ ಹಾಕ್ಕೊಂಡು ಡಿಕಾಕ್ಷನ್ ಇಳಿಸ್ತಿದ್ರು. ಮಕ್ಕಳು ಕಾಲೇಜು ಅಂತ ಬೇರೆ ಊರಲ್ಲಿದ್ರು, ಮನೇಲಿದ್ದ ನಾವು ಮೂರು ಜನಾನೂ ಮೊಸರನ್ನ, ಉಪ್ಪಿನಕಾಯಿ ಕೂಡ ಇಲ್ದೆ.

ಗುರುವಾರ ಬೆಳಿಗ್ಗೆ ಆಂಟಿ ಗರಾಜಿಗೆ ಸೋಪಿನ ಡಬ್ಬ ತರಕ್ಕೆ ಬಂದ್ರು. ನಾನೂ ಅಲ್ಲೇ ಇದ್ದೆ, ಅಂಕಲ್ ಕಾಫೀಲಿ ಪಾಲು ಕೇಳ್ಕೊಂಡು.

"ರಾಜಿ," ಅಂದ್ರು ಅಂಕಲ್, "ಆಯಮ್ಮ ನಿನ್ನ ಮನೆ ವಾಸನೆ ಅಂದ್ಲು. ನೀನು ಬಗ್ಗಲಿಲ್ಲ, ಭೇಷ್. ಆದ್ರೆ ಆವತ್ತಿಂದ ಅದನ್ನೇ ತಿಕ್ಕಿ ತಿಕ್ಕಿ ತೊಳೀತಿದ್ದೀಯಲ್ಲೇ. ಹಂಗಾದ್ರೆ ಅವಳು ಹೇಳಿದ್ದು ನಿಜ ಅಂತ ನೀನೇ ಸರ್ಟಿಫಿಕೇಟ್ ಕೊಟ್ಟಂಗಾಯ್ತಲ್ಲ."

"ನಿಮಗೆ ಕಾಫಿ ಒಳಗೆ ಬೇಕು. ಅದಕ್ಕೆ ಈ ಉಪದೇಶ."

"ಕಾಫೀನೂ ಬೇಕು. ಹೇಳಿದ್ದೂ ನಿಜ."

ಆಂಟಿ ಸೋಪಿನ ಡಬ್ಬ ಹಿಡ್ಕೊಂಡೇ ಮೆಟ್ಟಿಲ ಮೇಲೆ ಕೂತ್ಕೊಂಡ್ರು. ನನ್ನ ಕಡೆ ತಿರುಗಿ, "ಶ್ರಾವಣಿ, ಹೋದ ತಿಂಗಳು ಒಕುದಮ್ಮನ ಮನೆಗೆ ಹೋಗಿದ್ವಲ್ಲ, ಏನು ವಾಸನೆ ಇತ್ತೇ?" ಅಂದ್ರು.

"ಮೀನು ಸುಟ್ಟಿದ್ದು ಆಂಟಿ."

"ಹೂಂ. ಹುಟ್ಟಿದಾಗಿಂದ ಮೀನು ಮುಟ್ಟದೋಳು ನಾನು. ಅದರ ಮಧ್ಯೆ ಕೂತು ಟೀ ಕುಡಿದೆ. ಟೀಗೆ ಏನಾದ್ರೂ ಆಯ್ತಾ? ಮೂಗು ಕಪ್ಪಿನೊಳಗೆ ಇಟ್ರೆ ಟೀ ವಾಸನೆ, ಆಚೆ ಇಟ್ರೆ ಮನೆ ವಾಸನೆ. ಒಕುದಮ್ಮನ ಸರದಿ ಬಂದಾಗ ಅವರ ಮನೇಲಿ ಆ ಡೊರತಿ ಉಸಿರೆತ್ತಲಿಲ್ಲವಲ್ಲ." ಎದ್ದು ನಿಂತ್ರು. "ಡಬ್ಬಗಳೆಲ್ಲ ಎತ್ಕೊಂಡು ಒಳಗೆ ಬನ್ನಿ ಇಬ್ರೂ."

ಹಾಗಂತ ಟೀ ವಿಷಯದಲ್ಲಿ ಹುಡುಗಾಟ ಇಲ್ಲ. ಶಿಂಚಾ ಪ್ಯಾಕೆಟ್ ಒಡೆಯದೆ ಮೇಲಿನ ಬೆಡ್‌ರೂಮ್ ಬೀರುವಿನಲ್ಲಿತ್ತು. ಒಣ ಎಲೆ ಯಾವ ವಾಸನೆ ಸಿಕ್ಕಿದ್ರೂ ಹೀರ್ಕೊಂಡುಬಿಡುತ್ತೆ, ಅದು ಇಂಗಿನ ಹತ್ರ ಸುಳಿಯೋ ಹಾಗೇ ಇಲ್ಲ. ಅಡುಗೆಮನೆಗೆ ಮಾತ್ರ ಜೀವ ಬಂತು. ಶನಿವಾರ ಬೆಳಿಗ್ಗೆ ನುಗ್ಗೇಕಾಯಿ ಹುಳಿ, ಮೇಲೆ ಒಗ್ಗರಣೆ. ವಾರದ ಮೊದಲ ಮೂರು ದಿನ ಬರೀ ಮೊಸರನ್ನ ತಿಂದಿದ್ದ ಅಂಕಲ್ ಎರಡು ಸಲ ಬಡಿಸ್ಕೊಂಡ್ರು.

ಮೂರು ಗಂಟೆಗೆ ಕಾರುಗಳು ಬಂದ್ವು. ಡೊರತಿ ಬಾಗಿಲಲ್ಲೇ ನಿಂತು ಒಂದು ಉಸಿರು ಎಳೆದ್ರು. "ಓ, ಇದು ಏನೋ ಒಂಥರಾ..."

"ಇಂಗು," ಅಂದ್ರು ಆಂಟಿ. "ಒಳಗೆ ಬನ್ನಿ."

ಲೋಟ, ದವರಾ ನೋಡಿ ಇನ್ನೊಂದು ರಾಗ. ಇಂಥ ಟೀಗೆ ಸ್ಟೀಲಾ, ಜಪಾನಲ್ಲಿ ಮಣ್ಣಿನದೇ ಅಲ್ವಾ ಅಂತ ಒಕುದಮ್ಮನ ಕಡೆ ನೋಡಿದ್ರು. ಒಕುದಮ್ಮ ಎದ್ದು ಬಂದು ಆಂಟಿ ಕೈಯಿಂದ ಲೋಟ ಇಸ್ಕೊಂಡು ಮೊಳ ಉದ್ದ ಎತ್ತಿ ಸುರಿದ್ರು. ಅರ್ಧ ದವರಾಕ್ಕೆ, ಅರ್ಧ ಟೇಬಲ್ ಮೇಲಕ್ಕೆ. ಎಲ್ಲರೂ ನಕ್ಕಿದ್ದೇ ನಕ್ಕಿದ್ದು.

"ಇನ್ನೂ ಕಲೀಬೇಕು ನೀವು," ಅಂದ್ರು ಆಂಟಿ.

ಆಮೇಲೆ ಆಂಟಿ ನೀರು ಆರಿಸಿ, ಮೇಲಿಂದ ಪ್ಯಾಕೆಟ್ ತರಿಸಿ ಎಲ್ಲರೆದುರೇ ಒಡೆದ್ರು. ಹಿಡಿ ಪಕ್ಕಕ್ಕಿರೋ ಪುಟ್ಟ ಮಣ್ಣಿನ ಕೆಟಲ್‌ಗೆ ಎಲೆ ಹಾಕಿ, ನೀರು ಬಿಟ್ಟು, ಅಲ್ಲಾಡಿಸದೆ ಬಿಟ್ರು. ಒಂದು ನಿಮಿಷ ಎಲೆ ನೆನೀತು. ಎಲ್ಲರಿಗೂ ಒಂದೇ ರುಚಿ ಸಿಗ್ಲಿ ಅಂತ ಒಂದೊಂದು ಕಪ್ಪಿಗೂ ಸ್ವಲ್ಪ ಸ್ವಲ್ಪ, ಮತ್ತೆ ವಾಪಸ್ ಬಂದು ಸ್ವಲ್ಪ ಸ್ವಲ್ಪ, ಕೊನೇ ತೊಟ್ಟಿನವರೆಗೂ ಬಗ್ಗಿಸಿದ್ರು.

ಡೊರತಿ ಕಣ್ಣು ಮುಚ್ಕೊಂಡು ಕುಡಿದ್ರು. "ಟೀ ಸಿಗ್ತಿದೆ, ಖಂಡಿತ. ಆದ್ರೆ ಜೊತೆಗೆ ಮನೇನೂ ಸಿಗ್ತಿದೆ."

"ಹೌದು," ಅಂದ್ರು ಆಂಟಿ. "ಮನೆಗೆ ಬಂದಿದ್ದೀರಲ್ಲ."

ಯಾರೋ ಕೆಮ್ಮಿದ್ರು. ಅಂಕಲ್ ಅಡುಗೆಮನೆ ಬಾಗಿಲಲ್ಲಿ ನಿಂತಿದ್ರು. ನಗು ಬಂದ್ರೆ ಕಷ್ಟ ಅಂತ ಒಳಗೆ ಹೊರಟುಹೋದ್ರು.

ಮೂರು ಸಲ ನೀರು ಬಿಟ್ಟು ಕುಡಿದಾದ ಮೇಲೆ ಎಲೆಗಳೆಲ್ಲ ಬಿಚ್ಕೊಂಡು ಎಳೇ ಮೆಂತ್ಯಸೊಪ್ಪಿನ ಥರ ಆಗಿದ್ವು. ಕ್ಲಬ್ಬಲ್ಲಿ ಅದನ್ನ ಗಿಡದ ಬುಡಕ್ಕೆ ಹಾಕೋದು ರೂಢಿ. ಒಕುದಮ್ಮನ ತೌರಲ್ಲಿ ಸೋಯಾ ಸಾಸ್ ಹಾಕಿ ತಿಂತಾರೆ, ಅದು ಆಂಟಿಗೆ ಗೊತ್ತು. ಎಲೆಗಳನ್ನ ಬಟ್ಟಲಿಗೆ ತೆಗೆದ್ರು. ಕಾಯಿತುರಿ, ನಿಂಬೆರಸ, ಉಪ್ಪು. ಆಮೇಲೆ ಒಲೆ ಮೇಲೆ ಸೌಟಿಟ್ಟು ಎಣ್ಣೆ ಬಿಟ್ರು.

"ಕಿಟಕಿ ತೆಗೀಲಾ ಆಂಟಿ?" ಅಂದೆ.

"ಬೇಡ."

ಸಾಸಿವೆ ಚಟಪಟ ಅಂತು, ಒಣಮೆಣಸಿನಕಾಯಿ ಘಾಟು ಹೊಸ ಪರದೆ ದಾಟಿ ಹಾಲಿಗೆಲ್ಲ ಹೋಯ್ತು. ಇಂಗು ಬೇರೆ. ಸೌಟು ಬಟ್ಟಲಿಗೆ ಅದ್ದಿದಾಗ ಚೊಂಯ್ ಅಂದಿದ್ದಕ್ಕೆ ಇಬ್ಬರು ಹೆಂಗಸರು ಎದ್ದೇ ಬಂದು ನೋಡಿದ್ರು. ಒಕುದಮ್ಮ ಒಂದು ತುತ್ತು ತಿಂದು, "ನಮ್ಮಮ್ಮಂಗೆ ಹೇಳಲ್ಲ," ಅಂತ ಇನ್ನೊಂದು ಹಾಕ್ಕೊಂಡ್ರು.

ಡೊರತಿ ಬ್ಯಾಗ್ ಎತ್ಕೊಂಡು ಕಾರ್ ಕೀ ಹಿಡ್ಕೊಂಡು ನಿಂತ್ರು. ತುಂಬ ಚೆನ್ನಾಗಿತ್ತು, ತುಂಬ ವಿಶೇಷವಾಗಿತ್ತು, ಮುಂದಿನ ವರ್ಷದಿಂದ ಎಲ್ಲರಿಗೂ ಚರ್ಚ್ ಹಾಲೇ ಅನುಕೂಲ ಏನೋ ಅಂದ್ರು.

"ನಿಮ್ಮ ಸರದಿಗೆ ಚರ್ಚ್ ಹಾಲಲ್ಲಿ ಮಾಡಿ, ಬಂದು ಕುಡೀತೀನಿ," ಅಂದ್ರು ಆಂಟಿ. "ನನ್ನ ಸರದಿ ಬಂದಾಗ ಇಲ್ಲೇ."

ಅಷ್ಟರಲ್ಲಿ ಜೋನ್ ಅನ್ನೋ ಅಜ್ಜಿ ಬಾಯಿ ತುಂಬ ಇಟ್ಕೊಂಡೇ ಹೇಳಿದ್ರು, "ಡೊರತಿ, ನಾನು ನಿನ್ನ ಕಾರಲ್ಲಿ ಬಂದಿರೋದು. ಇನ್ನೂ ತಿಂತಿದ್ದೀನಿ. ಕೂತ್ಕೋ."

ಡೊರತಿ ಕೂತ್ಕೊಂಡ್ರು. ಆಂಟಿ ಅವರ ಮುಂದೆ ಒಂದು ತಟ್ಟೆ ಇಟ್ಟು, ತಿಂದ್ರಾ ಬಿಟ್ರಾ ಅಂತ ತಿರುಗಿ ಕೂಡ ನೋಡದೆ, ಹೊಸ ಎಲೆ ಹಾಕಕ್ಕೆ ಅಂತ ಮತ್ತೆ ನೀರು ಕಾಯಕ್ಕಿಟ್ರು.