ದಿಲಶಾದಬಿ ಹೇಳದ ನಂಬರು

ನಿಪ್ಪಾಣಿಯ ತಂಬಾಕಿನ ಗೋದಾಮುಗಳಿಗೆ ಹಾಕಿದ ಬೀಗಗಳು ದೊಡ್ಡವೇ. ಆದರೆ ದಿಲಶಾದಬಿಯ ಬಾಯಿಗೆ ಬಿದ್ದ ಬೀಗದ ಮುಂದೆ ಅವೆಲ್ಲ ಆಟಿಕೆ. ಆಕೆ ಬುರಖಾ ಸರಿಪಡಿಸಿಕೊಂಡು ಹೊಸ ಮಾರ್ಟಿನ ಕೌಂಟರಿಗೆ ಬಂದಳೆಂದರೆ ಕಂಪ್ಯೂಟರು ಬೆವರುತ್ತದೆ, ಬಿಲ್ ಮಾಡುವ ಸೀಮಾ ಮನೆದೇವರನ್ನು ನೆನೆಯುತ್ತಾಳೆ, ಸಾಲಿನಲ್ಲಿ ನಿಂತವರು ಯುದ್ಧ ನೋಡಲು ಬುಟ್ಟಿ ಕೆಳಗಿಡುತ್ತಾರೆ ಎಂದು ಪ್ರತೀತಿ.

"ಫೋನ್ ನಂಬರ್ ಹೇಳ್ರಿ ಚಾಚಿ."

"ಹೇಳಂಗಿಲ್ಲ."

"ನಂಬರ್ ಇಲ್ಲಂದ್ರ ಬಿಲ್ ಬರಂಗಿಲ್ರಿ."

"ಬಿಲ್ ನೀನ ಇಟ್ಕೊ, ಹಾಲಿನ ಪುಡಿ ಕೊಡು."

"ಹುಟ್ಟಿದ ತಾರೀಖರೆ ಹೇಳ್ರಿ?"

"ಆಗ ಮಳಿ ಹೊಡಿತಿತ್ತಂತ. ಮಳೀನ್ನ ಕೇಳು."

ಕೊನೆಗೆ ಸೀಮಾ ತನ್ನದೇ ನಂಬರು ಒತ್ತಿ ಶರಣಾಗುತ್ತಿದ್ದಳು.

ಈ ಹಟಕ್ಕಿದ್ದ ಕಾರಣ ಮಾತ್ರ ನಗುವಂಥದ್ದಲ್ಲ. ದೂರದ ನಂಟಿನ ಮುಬೀನಾ ಗಂಡನ ಹೊಡೆತ ತಾಳದೆ, ಎಳೆಗೂಸನ್ನು ಎತ್ತಿಕೊಂಡು ಬಂದು ದಿಲಶಾದಬಿಯ ಮನೆಯಲ್ಲಿ ಅಡಗಿದ್ದಳು. ಗಂಡ ಜುನೇದ ಅಥಣಿಯ ತವರುಮನೆಯನ್ನು ಜಾಲಾಡಿ ಹೋಗಿದ್ದ. ಈ ಮನೆ ಅವನಿಗೆ ಗೊತ್ತಿರಲಿಲ್ಲ. ಅವನ ನೌಕರಿಯೋ, ಇದೇ ಮಾರ್ಟಿನ ರಾಯಬಾಗ ಶಾಖೆಯಲ್ಲಿ ಬಿಲ್ ಮಾಡುವುದು. ನಿಪ್ಪಾಣಿಯಲ್ಲಿ ಬರೆಸಿದ ಹೆಸರು, ನಂಬರು ರಾಯಬಾಗದ ಕಂಪ್ಯೂಟರಿನಲ್ಲೂ ಕಾಣುತ್ತವೆ; ಹಾಲಿನ ಪುಡಿಯ ಬಿಲ್ಲಿನಲ್ಲಿ ನಂಟರ ಹೆಸರು ಕಂಡರೆ ಅವನಿಗೆ ಜಾಡು ಸಿಕ್ಕಂತೆಯೇ. ಬೇರೆ ಅಂಗಡಿಗೆ ಹೋಗೋಣವೆಂದರೆ, ಕೂಸಿಗೆ ಒಗ್ಗಿದ ಪುಡಿ ಊರಿನಲ್ಲಿ ಮತ್ತೆಲ್ಲೂ ಸಿಗದು.

ಕೋಟೆ ಬಿದ್ದದ್ದು ಶತ್ರುವಿನಿಂದಲ್ಲ, ಪಕ್ಕದ ಮನೆಯ ಸುಗಂಧಾಳ ಪ್ರೀತಿಯಿಂದ. ಗಲ್ಲಿಗೆಲ್ಲ ಗ್ಯಾಸ್ ಬುಕ್ ಮಾಡುವವಳು ಅವಳೇ. ಎಲ್ಲರ ನಂಬರೂ ಅವಳ ನಾಲಿಗೆಯ ಮೇಲೆ, ಹೊಸದಾಗಿ ಬಂದ ಮುಬೀನಾ ಇಲ್ಲಿ ಕೊಂಡ ನಂಬರೂ ಸೇರಿ. ಮುಬೀನಾ ಬಾಣಂತನಕ್ಕೆ ಬಂದಿದ್ದಾಳೆಂದೇ ಅವಳು ನಂಬಿದ್ದಳು. ಅಂದು ಸಾಲಿನಲ್ಲಿ ಹಿಂದೆ ನಿಂತವಳು ಮುಂದೆ ಬಾಗಿದಳು.

"ಅಯ್ಯ, ಡಿಸ್ಕೌಂಟಿನ ಪಾಯಿಂಟ್ ಸುಮ್ನ ಹೋಗಾಕತ್ತಾವಲ್ರಿ ಚಾಚಿ! ಬರ್ಕೋ ಸೀಮಾ, ಮುಬೀನಾ ಅಂತ ಹಾಕು..."

ದಿಲಶಾದಬಿ ಅವಳ ಬಾಯಿಗೆ ಕೈ ಒಯ್ಯುವಷ್ಟರಲ್ಲಿ ನಂಬರು ಪೂರ್ತಿಯಾಗಿ, ಯಂತ್ರ ಬಿಲ್ ಉಗುಳಿತ್ತು.

"ಅಳಿಸಿಬಿಡವಾ," ಎಂದಳು ದಿಲಶಾದಬಿ. ಆಕೆ ಬೇಡಿಕೊಂಡದ್ದನ್ನು ಆ ಕೌಂಟರು ಅದೇ ಮೊದಲು ಕಂಡಿತು.

"ಅಳಸಾಕ ನಮಗ ಬರಂಗಿಲ್ರಿ," ಎಂದಳು ಸೀಮಾ.

ಸಂಜೆಗೇ ಮುಬೀನಾಳ ಫೋನು ರಿಂಗಾಯಿತು. ಅತ್ತ ಕಡೆ ಜುನೇದ, ಬಲು ಮೆತ್ತಗೆ: "ನಿಪ್ಪಾಣ್ಯಾಗ ಹಾಲಿನ ಪುಡಿ ಭಾಳ ತುಟ್ಟಿ ಏನ?"

ಮುಬೀನಾ ಫೋನು ಆರಿಸಿ ಕೂಸನ್ನು ಎತ್ತಿಕೊಂಡಳು. ದಿಲಶಾದಬಿ ಕೂಸಿನ ಬಟ್ಟೆ, ಪುಡಿಯ ಡಬ್ಬಿ ಚೀಲಕ್ಕೆ ತುರುಕಿ, ತಾಯಿ-ಕೂಸಿನ ಜೊತೆ ಸಿಕ್ಕ ಬಸ್ಸು ಹತ್ತಿದಳು. ಮರುದಿನ ಮರಳಿ ಬಂದವಳು ಒಬ್ಬಳೇ.

ಅಷ್ಟರಲ್ಲಿ ಸಂಗತಿ ತಿಳಿದು, ಅತ್ತು ಕಣ್ಣು ಊದಿಸಿಕೊಂಡ ಸುಗಂಧಾ ಬಾಗಿಲಲ್ಲೇ ಕುಳಿತಿದ್ದಳು.

"ತಪ್ಪಾತ್ರಿ ಚಾಚಿ. ನನಗೇನ್ ಗೊತ್ತಿತ್ರಿ? ಎಲ್ಲಿ ಬಿಟ್ಟ ಬಂದ್ರಿ ಆಕಿನ್ನ? ನನಗಷ್ಟ ಹೇಳ್ರಿ."

ವೀರವನಿತೆ ಏನು ಗರ್ಜಿಸುತ್ತಾಳೋ ಎಂದು ಇಡೀ ಗಲ್ಲಿ ಕಿವಿ ನಿಮಿರಿಸಿತು. ಆಕೆ ಚಪ್ಪಲಿ ಬಿಟ್ಟು ಬೀಗ ತೆಗೆದಳು.

"ನಿನಗ ಹೇಳಂಗಿಲ್ಲವಾ. ಒಳಗ ಬಾ, ಚಾ ಕುಡಿ."