ಅರ್ಧ ಬೆಟ್ಟ

ಅರವತ್ತು ತುಂಬಿದ ಮೇಲೆ ನಾನು ಬೀಳುವುದನ್ನು ಕಲಿತೆ. ಅದರಲ್ಲಿ ಕಲಿಯುವುದೇನಿದೆ, ಬಚ್ಚಲುಮನೆಯ ಪಾಚಿಯೇ ಬಿಟ್ಟಿಯಾಗಿ ಕಲಿಸುತ್ತದಲ್ಲ ಎಂದು ನೀವು ಕೇಳಬಹುದು. ನಾನು ಹೇಳುತ್ತಿರುವುದು ಹಿಮದ ಇಳಿಜಾರಿನಲ್ಲಿ ಬೇಕೆಂದೇ ಬೀಳುವ ವಿಷಯ. ಅಂಗಾತ ಬಿದ್ದು ಜಾರಬೇಕು, ಜಾರುತ್ತಿರುವಾಗಲೇ ಬೋರಲು ಹೊರಳಬೇಕು, ಕೈಯಲ್ಲಿರುವ ಪುಟ್ಟ ಪಿಕಾಸಿಯ ಮೂತಿಯನ್ನು ಎದೆಯ ಭಾರವೆಲ್ಲ ಹಾಕಿ ಹಿಮಕ್ಕೆ ಒತ್ತಿ ನಿಲ್ಲಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಇದೇ ಕೆಲಸ. ಗೆಂಡೆಹಳ್ಳಿಯಲ್ಲೂ ಬಾಣಾವರದಲ್ಲೂ ಇಡೀ ಆಯುಷ್ಯ ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದು, ಹಿಮಾಲಯವನ್ನು ನಕ್ಷೆಯ ಮೇಲೆ ಬೆತ್ತದ ತುದಿಯಿಂದ ಹತ್ತಿ ಇಳಿದವನಿಗೆ ಇದು ತಕ್ಕ ಶಾಸ್ತಿಯೇ ಇರಬೇಕು.

ಬೆಟ್ಟ ಹತ್ತದವನೇನಲ್ಲ ನಾನು. ಆದರೆ ನಾನು ಬೇಸಿಗೆಯ ಬೆಟ್ಟಗಾರ. ಶಾಲೆಗೆ ರಜೆ ಬರುವುದೂ ಹಾರನಹಳ್ಳಿಯ ರಂಗೇಗೌಡರಿಗೆ ಹೊಲದಲ್ಲಿ ಬಿಡುವಾಗುವುದೂ ಬೇಸಿಗೆಯಲ್ಲೇ. ಗೌಡರು ರಾಗಿ, ತೆಂಗು ಬೆಳೆಯುವವರು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು. ಬಸ್ಸಿನಲ್ಲಿ ಆದ ಪರಿಚಯ ಇಪ್ಪತ್ತು ವರ್ಷ ನಡೆಯಿತು. ಸುತ್ತಮುತ್ತಲ ಗುಡ್ಡಗಳನ್ನೆಲ್ಲ ನಾವಿಬ್ಬರೂ ಹತ್ತಿದ್ದೇವೆ. ಸಲಕರಣೆ ಎಂದರೆ ತಲೆಗೊಂದು ಟವೆಲು, ಒಂದು ಬಾಟಲಿ ಮಜ್ಜಿಗೆ, ಬಾಳೆಲೆಯಲ್ಲಿ ಕಟ್ಟಿದ ಚಿತ್ರಾನ್ನ. ಚಪ್ಪಲಿಯನ್ನು ಬುಡದಲ್ಲೇ ಬಿಡುತ್ತಿದ್ದೆವು, ಏಕೆಂದರೆ ನಮ್ಮ ಕಡೆ ಬೆಟ್ಟವೇ ದೇವರು. ವೈಶಾಖದ ಒಂದು ಶನಿವಾರ ಮಾತ್ರ ತಿರುಪತಿ ಬೆಟ್ಟಕ್ಕೆ, ದೂರದ ದೊಡ್ಡ ತಿರುಪತಿಯಲ್ಲ, ನಮ್ಮ ಅರಸೀಕೆರೆ ಪಕ್ಕದ್ದು, ಮೀಸಲು. ಹಿಂದೆ ಗೌಡರ ಹೆಂಡತಿ ಜಯಮ್ಮನವರಿಗೆ ದೊಡ್ಡ ಆಪರೇಷನ್ ಆದಾಗ, ಬದುಕಿ ಬಂದರೆ ವರ್ಷಕ್ಕೊಮ್ಮೆ ಬರಿಗಾಲಲ್ಲಿ ಹತ್ತುತ್ತೇನೆ ಎಂದು ಗೌಡರು ಹರಕೆ ಹೊತ್ತಿದ್ದರು. ಜಯಮ್ಮ ಬದುಕಿ ಬಂದರು. ಗೌಡರು ಹತ್ತುತ್ತಾ ಬಂದರು.

ಮೆಟ್ಟಿಲು ಹತ್ತುವ ಜನರಲ್ಲಿ ಎರಡು ಕಟ್ಟಲೆಗಳಿವೆ. ಹರಕೆಯ ಬೆಟ್ಟವನ್ನು ಅರ್ಧದಿಂದ ಇಳಿಯಬಾರದು ಎಂಬುದು ಒಂದು. ಇಳಿದರೆ ಯಾರ ಹೆಸರಿನ ಹರಕೆಯೋ ಅವರಿಗೇ ಕೇಡು. ಇನ್ನೊಂದನ್ನು ಯಾರೂ ಕಟ್ಟಲೆ ಎನ್ನುವುದಿಲ್ಲ, ಆದರೆ ಎಲ್ಲರೂ ಪಾಲಿಸುತ್ತಾರೆ. ಹತ್ತುವವರು ಏದುಸಿರು ಬಿಡುತ್ತಾ "ಇನ್ನೆಷ್ಟೈತೆ?" ಎಂದು ಕೇಳಿದರೆ, ಇಳಿಯುವವರು "ಇನ್ನೇನು, ಇಷ್ಟೇ" ಎನ್ನಬೇಕು. ಮುಕ್ಕಾಲು ಬೆಟ್ಟ ಬಾಕಿ ಇದ್ದರೂ ಸರಿಯೇ. ಜೀವನದಲ್ಲಿ ಸುಳ್ಳು ಹೇಳದ ಮುದುಕಿಯರೂ ಆ ಮೆಟ್ಟಿಲುಗಳ ಮೇಲೆ ನಗುನಗುತ್ತಾ ಈ ಸುಳ್ಳು ಹೇಳಿರುವುದನ್ನು ಕೇಳಿದ್ದೇನೆ. ನಾನಂತೂ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಹೋದ ವರ್ಷದ ವೈಶಾಖದಲ್ಲಿ ಅರ್ಧ ಬೆಟ್ಟದ ಮಂಟಪದ ಹತ್ತಿರ ಗೌಡರು ನಿಂತುಬಿಟ್ಟರು. ಬೆವರು ಅಂಗಿಯಲ್ಲಿ ಇಳಿಯುತ್ತಿತ್ತು, ಆದರೆ ಬೇಸಿಗೆಯಲ್ಲಿ ಯಾರಿಗೆ ತಾನೆ ಬೆವರುವುದಿಲ್ಲ?

"ಯಾಕೋ ಆಗ್ತಾ ಇಲ್ಲ ಮೇಷ್ಟ್ರೇ. ಇಳ್ಕಂಡು ಹೋಗಾಣ್ವಾ?" ಎಂದರು.

ಇಪ್ಪತ್ತು ವರ್ಷದಲ್ಲಿ ಅವರು ಆ ಮಾತು ಆಡಿದ್ದು ಅದೊಂದೇ ಸಲ. ನಾನು ನಕ್ಕೆ. "ಅರ್ಧ ಬೆಟ್ಟದಿಂದ ಇಳೀತಾರೇನ್ರೀ ಗೌಡ್ರೇ? ಇನ್ನೇನು, ಇಷ್ಟೇ" ಎಂದೆ.

ಗೌಡರು ಹತ್ತಿದರು. ಮೇಲೆ ಗಂಟೆ ಬಾರಿಸಿದರು, ತೀರ್ಥ ತೆಗೆದುಕೊಂಡರು. ಇಳಿಯುವಾಗ ಅದೇ ಮಂಟಪದ ಕಟ್ಟೆಯ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ನಾಲ್ಕು ಜನ ಹೊತ್ತು ಇಳಿಸಿದೆವು. ಆಸ್ಪತ್ರೆಗೆ ಹೋಗುವುದು ಬರೀ ಶಾಸ್ತ್ರಕ್ಕೆ ಎಂದು ಹೊತ್ತವರಿಗೆಲ್ಲ ಗೊತ್ತಿತ್ತು.

ಜಯಮ್ಮನವರು ಅತ್ತರು, ಆಮೇಲೆ ಊರಿನವರ ಮುಂದೆ ಒಂದು ಸಮಾಧಾನವನ್ನು ಹಿಡಿದುಕೊಂಡರು. ಅರ್ಧಕ್ಕೆ ಬಿಡಲಿಲ್ಲವಲ್ಲ, ದರ್ಶನ ಮಾಡಿಕೊಂಡೇ ಹೋದರಲ್ಲ ಎಂದು. ಬಂದವರೆಲ್ಲ ಹೌದು ಹೌದು, ಪುಣ್ಯಾತ್ಮರು ಎಂದರು. ನಾನೂ ಅಂದೆ. ಗೌಡರು ಇಳಿಯೋಣ ಎಂದದ್ದು ಆ ಬೆಟ್ಟಕ್ಕೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹೇಳಿದರೆ ಆಕೆಯ ಸಮಾಧಾನ ಹೋಗುತ್ತದೆ, ಹೇಳದಿದ್ದರೆ ನನ್ನ ನಿದ್ದೆ. ಹೀಗೆ ಎಂಟು ತಿಂಗಳು ಹಾರನಹಳ್ಳಿಯ ಬಸ್ಸು ಹತ್ತಲೇ ಇಲ್ಲ ನಾನು.

ಬದಲಿಗೆ ಹಿಮಾಚಲದ ರೈಲು ಹತ್ತಿದೆ. ವಯಸ್ಸಾದವರನ್ನೂ ಸೇರಿಸಿಕೊಳ್ಳುವ ಚಳಿಗಾಲದ ಪರ್ವತಾರೋಹಣ ಶಿಬಿರವೊಂದಕ್ಕೆ ಗೌಡರೂ ನಾನೂ ಒಟ್ಟಿಗೆ ಹೋಗಬೇಕೆಂದು ಎಷ್ಟೋ ಬೇಸಿಗೆಗಳಿಂದ ಹೇಳಿಕೊಂಡಿದ್ದೆವು. ಗೌಡರ ಆಸೆ ಪೂರೈಸಲು ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ನಿಜ ಏನೆಂದರೆ ನಮ್ಮ ಬೆಟ್ಟಗಳು ಕಾಣದ ಕಡೆ ಹೋಗಬೇಕಾಗಿತ್ತು. ನನ್ನ ಹೆಂಡತಿ ಎರಡು ಮಂಕಿ ಕ್ಯಾಪು, ಮೈಗೆ ಹಚ್ಚಿಕೊಳ್ಳಲು ಕೊಬ್ಬರಿ ಎಣ್ಣೆ ಕಟ್ಟಿಕೊಟ್ಟಳು. ಧನುರ್ಮಾಸದ ಬೆಳಗಿನಲ್ಲಿ ಕಿವಿ ಮುಚ್ಚಿಕೊಂಡು ಹಾಲು ತರುವುದನ್ನೇ ನಾವು ಚಳಿ ಎನ್ನುವವರು. ಬೇಲೂರಿನ ಶಿಲಾಬಾಲಿಕೆಯರನ್ನು ನೋಡಿ, ಮೈತುಂಬ ಒಡವೆ ಇದೆ, ಹೊದೆಯಲು ಒಂದು ಶಾಲಿಲ್ಲ. ಚಳಿ ಗೊತ್ತಿರುವ ಊರಿನ ಶಿಲ್ಪಿ ಹಾಗೆ ಕೆತ್ತುತ್ತಿರಲಿಲ್ಲ. ಮೊದಲ ದಿನವೇ ಡೇರೆಯೊಳಗೆ ಅರಸೀಕೆರೆಯ ಕೊಬ್ಬರಿ ಎಣ್ಣೆ ಕಲ್ಲಾಗಿ ಕೂತಿತು. ಅದನ್ನು ಕಂಕುಳಲ್ಲಿಟ್ಟುಕೊಂಡು ಮಲಗಿ ನಾನೂ ಹೆಚ್ಚುಕಡಿಮೆ ಅದೇ ಸ್ಥಿತಿಗೆ ಬಂದೆ.

ಮರುದಿನ ಇಳಿಜಾರಿನ ಬುಡದಲ್ಲಿ ನಮ್ಮ ಗುರು, ಇಪ್ಪತ್ತೈದರ ಪಹಾಡಿ ಹುಡುಗಿ, ಬೂಟಿನ ಅಡಿಗೆ ಉಕ್ಕಿನ ಹಲ್ಲುಗಳ ಅಟ್ಟೆ ಬಿಗಿಯುವುದನ್ನು ತೋರಿಸುತ್ತಿದ್ದಳು. ಎಲ್ಲರೂ ಬಿಗಿಯುತ್ತಿದ್ದರು. ನಾನೊಬ್ಬ ಬಗ್ಗಿ ಬೂಟಿನ ದಾರ ಬಿಚ್ಚುತ್ತಿದ್ದೆ. ಬೆಟ್ಟದ ಬುಡ ಕಂಡೊಡನೆ ಕೈ ತಾನಾಗಿ ಅಲ್ಲಿಗೆ ಹೋಗಿತ್ತು. ಏನು ಮಾಡುತ್ತಿದ್ದೀರಿ ಎಂದು ಅವಳು ಕೇಳಿದಳು. ನನಗೆ ಬರುವ ಹಿಂದಿಯಲ್ಲಿ ದೇವರು, ಚಪ್ಪಲಿ ಎಂಬ ಎರಡು ಪದ ಹೇಳಿದೆ. ಅವಳು ನಗಲಿಲ್ಲ. ತಾನೇ ಕೂತು ನನ್ನ ಬೂಟಿನ ದಾರ ಕಟ್ಟಿ, ಈ ದೇವರಿಗೆ ಬೂಟು ಹಾಕಿಕೊಂಡೇ ನಮಸ್ಕಾರ ಮಾಡಬಹುದು ಎಂದಳು.

ಕೊನೆಯ ದಿನ ಒಂದು ಪುಟ್ಟ ಶಿಖರ. ಹೊರಡುವ ಮೊದಲೇ ಅವಳು ಎಲ್ಲರಿಂದಲೂ ಒಂದು ಮಾತು ತೆಗೆದುಕೊಂಡಳು. ಮಧ್ಯಾಹ್ನ ಒಂದು ಗಂಟೆಗೆ ಎಲ್ಲೇ ಇರಲಿ, ಹೇಗೇ ಇರಲಿ, ಅಲ್ಲಿಂದಲೇ ಹಿಂದಕ್ಕೆ. ಒಂದು ಗಂಟೆ ಹೊಡೆದಾಗ ತುದಿಯ ಬಾವುಟಗಳು ಬಣ್ಣಬಣ್ಣವಾಗಿ ಕಾಣುತ್ತಿದ್ದವು. ಅವಳು ಹಗ್ಗ ಎಳೆದು, ನಡೆಯಿರಿ ಇಳಿಯೋಣ ಎಂದಳು. ನಾನು ತಡೆಯಲಾರದೆ ಹರಕು ಹಿಂದಿಯಲ್ಲಿ ಅಂದೆ, ಇನ್ನೇನು, ಇಷ್ಟೇ ಅಲ್ಲವೇ? ಇಷ್ಟೇ ಎಂದು ಹೇಳುತ್ತಿರುವುದು ನಿಮ್ಮ ಕಣ್ಣು, ಕಾಲನ್ನು ಕೇಳಿದಿರಾ ಎಂದಳು ಅವಳು. ಆ ಮಾತು ಕೇಳಿದ್ದೇ ನಾನು ಹಿಮದ ಮೇಲೆ ಕುಸಿದು ಕೂತು ಅತ್ತೆ. ನಾನು ಗೌಡರ ಕಾಲನ್ನು ಕೇಳಿರಲಿಲ್ಲ. ಕಾಲು ಬಾಯಿಬಿಟ್ಟು ಹೇಳಿದಾಗಲೂ ಕೇಳಿರಲಿಲ್ಲ. ಶಿಖರ ತಪ್ಪಿದ್ದಕ್ಕೆ ಮುದುಕ ಅಳುತ್ತಿದ್ದಾನೆಂದು ತಿಳಿದು ಆ ಹುಡುಗಿ ಫ್ಲಾಸ್ಕಿನಿಂದ ಚಹಾ ಕೊಟ್ಟು ಬೆನ್ನು ಸವರಿದಳು. ಬಿಡಿಸಿ ಹೇಳುವಷ್ಟು ಹಿಂದಿ ನನ್ನಲ್ಲಿರಲಿಲ್ಲ.

ಊರಿಗೆ ಬಂದ ಮೇಲೆ ಹಾರನಹಳ್ಳಿಗೆ ಹೋಗಲೇಬೇಕೆಂದು ಹೊರಟವನು, ಹೇಡಿಯಲ್ಲವೇ, ಹಳೇಬೀಡಿನ ಬಸ್ಸು ಹತ್ತಿದೆ. ದೇವಸ್ಥಾನದ ಹುಲ್ಲಿನ ಮೇಲೆ ಸಂಜೆಯವರೆಗೆ ಕೂತಿದ್ದೆ. ಅಷ್ಟು ದೊಡ್ಡ ಗುಡಿಗೆ ಶಿಖರವಿಲ್ಲ. ಇದ್ದದ್ದು ಬಿದ್ದುಹೋಯಿತು ಎನ್ನುತ್ತಾರೆ ಕೆಲವರು, ಕೆಲಸವೇ ಮುಗಿಯಲಿಲ್ಲ ಎನ್ನುತ್ತಾರೆ ಕೆಲವರು. ಎಷ್ಟೋ ಸಲ ಮಕ್ಕಳನ್ನು ಪ್ರವಾಸಕ್ಕೆ ಕರೆತಂದು ಇದನ್ನೇ ಒದರಿದ್ದೇನೆ. ಶಿಖರವಿಲ್ಲವೆಂದು ಯಾವ ಮಗುವೂ ಬೇಜಾರು ಮಾಡಿಕೊಂಡು ಹೋಗಿದ್ದಿಲ್ಲ. ಕೆಳಗಿನ ಸಾಲಿನ ಆನೆಗಳನ್ನೇ ಎಣಿಸುತ್ತಾ ಬಸ್ಸು ತಪ್ಪಿಸಿಕೊಳ್ಳುತ್ತಿದ್ದವು. ಆ ಸಂಜೆ ಮಾತ್ರ ನನಗೆ ಗುಡಿಯ ಬೋಳು ನೆತ್ತಿಯಿಂದ ಕಣ್ಣು ಕೀಳಲಾಗಲಿಲ್ಲ. ಮಾರನೆಯ ದಿನ ಸರಿಯಾದ ಬಸ್ಸು ಹತ್ತಿದೆ.

ಜಯಮ್ಮನವರು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ನಾನು ಚಾಪೆಯ ಮೇಲೆ ಕೂತು, ಪೀಠಿಕೆಯಿಲ್ಲದೆ, ಮಂಟಪದ ಹತ್ತಿರ ಆದದ್ದನ್ನೆಲ್ಲ ಹೇಳಿಬಿಟ್ಟೆ. ಗೌಡರು ಅಂದದ್ದು, ನಾನು ನಕ್ಕದ್ದು, ಇನ್ನೇನು ಇಷ್ಟೇ ಎಂದದ್ದು. ಹೇಳುವಾಗ ಅವರ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದೆ. ಕೈ ಕಾಯಿ ಬಿಡಿಸುವುದನ್ನು ನಿಲ್ಲಿಸಿತು. ಮಡಿಲಿನ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ ಅವರು ಹೇಳಿದರು.

"ಬೆಳಿಗ್ಗೇನೇ ಎದೆ ಹಿಡ್ಕಂಡೈತೆ ಕಣೇ ಅಂದಿದ್ರು ಮೇಷ್ಟ್ರೇ. ಗ್ಯಾಸು ಇರ್ಬೈದು, ಸೋಡಾ ಕುಡ್ದು ಹೋಗಿ, ನನ್ನ ಹರಕೆ ತಪ್ಪಿಸ್ಬ್ಯಾಡಿ ಅಂತ ನಾನೇ ಕಳಿಸ್ದೆ. ನೀವು ಈ ಕಡೆ ಬರ್ದೇ ಇದ್ದಿದ್ದು, ನಿಮಗೆ ಇದು ಗೊತ್ತಾಗಿ ನನ್ನ ಮೇಲೆ ಸಿಟ್ಟಿಗೆ ಅನ್ಕಂಡಿದ್ದೆ."

ಎಂಟು ತಿಂಗಳು, ಏಳೆಂಟು ಮೈಲಿಯ ದೂರದಲ್ಲಿ, ಇಬ್ಬರೂ ಒಂದೇ ಕಲ್ಲನ್ನು ಬೇರೆಬೇರೆ ಹೊತ್ತಿದ್ದೆವು. ಹೇಳಿಕೊಂಡ ಮೇಲೆ ಹಗುರವಾಯಿತು ಎಂದರೆ ಸುಳ್ಳಾಗುತ್ತದೆ. ಗೌಡರು ಒಂದೇ ದಿನ ಎರಡು ಸಲ ಆಗುತ್ತಿಲ್ಲವೆಂದು ಹೇಳಿಕೊಂಡಿದ್ದರು, ಎರಡು ಸಲವೂ ಅವರಿಗೆ ಪ್ರೀತಿಯ ಜನ ಕಿವಿಗೊಟ್ಟಿರಲಿಲ್ಲ ಎಂಬುದು ಈಗ ಇಬ್ಬರಿಗೂ ಗೊತ್ತು. ಕಾಫಿ ಕುಡಿದು ಎದ್ದೆ. ಈ ವೈಶಾಖಕ್ಕೆ ನಾನೂ ಬತ್ತೀನಿ ಎಂದರು ಜಯಮ್ಮ.

ಹೋದ ಶನಿವಾರ ಹೋಗಿ ಬಂದೆವು. ಚಪ್ಪಲಿ ಬುಡದಲ್ಲಿ ಬಿಟ್ಟು, ನಿಧಾನವಾಗಿ, ನಿಂತು ನಿಂತು ಮಂಟಪದವರೆಗೆ ಹತ್ತಿದೆವು. ಜಯಮ್ಮನವರು ಆ ಕಟ್ಟೆಯನ್ನು ಸೆರಗಿನಿಂದ ಒರೆಸಿ ಸ್ವಲ್ಪ ಹೊತ್ತು ಕೂತರು. ಆಮೇಲೆ ಮೇಲಿನ ಗುಡಿಗೆಂದು ತಂದಿದ್ದ ತೆಂಗಿನಕಾಯಿಯನ್ನು ಅಲ್ಲೇ ಮೆಟ್ಟಿಲಿಗೆ ಒಡೆದು, "ಇಲ್ಲಿಗೆ ಸಾಕು, ಇಳಿಯಾಣ ನಡೀರಿ" ಎಂದರು. ಯಾರ ಹೆಸರಿನ ಹರಕೆಯೋ ಅವರೇ ಹೇಳಿದ ಮೇಲೆ ನಾನು ಎದುರಾಡಲಿಲ್ಲ.

ಇಳಿಯುವಾಗ ದಪ್ಪನೆಯ ಒಬ್ಬ ಆಸಾಮಿ, ನನ್ನದೇ ವಯಸ್ಸಿರಬಹುದು, ಕಂಬಿ ಹಿಡಿದು ನಿಂತು ಮುಖ ಒರೆಸಿಕೊಳ್ಳುತ್ತಿದ್ದ. ಇನ್ನೆಷ್ಟೈತೆ ಎಂದು ಕೇಳಿದ. ಬೇಸಿಗೆಯ ಬೆಟ್ಟಗಾರನ ಬಾಯಿಗೆ ಹಳೆಯ ಮಾತು ಬಂದೇಬಿಟ್ಟಿತ್ತು. ನುಂಗಿಕೊಂಡು, "ಇನ್ನೂ ಬಾಳ ಐತೆ ಸ್ವಾಮಿ. ಆಗ್ದಿದ್ರೆ ಇಳಿದುಬಿಡಿ" ಎಂದೆ.

ಆತ ಅಪಶಕುನವನ್ನು ನೋಡುವ ಹಾಗೆ ನನ್ನನ್ನು ನೋಡಿದ. ಆ ಬೆಟ್ಟದಲ್ಲಿ ಅಂಥ ಉತ್ತರವನ್ನು ಅವನು ಯಾರ ಬಾಯಲ್ಲೂ ಕೇಳಿರಲಾರ. ಮೇಲಕ್ಕೆ ಒಮ್ಮೆ ನೋಡಿದ, ಕೆಳಕ್ಕೆ ಒಮ್ಮೆ ನೋಡಿದ, ಮೆಟ್ಟಿಲ ಮೇಲೆ ಕೂತುಕೊಂಡ. ಜಯಮ್ಮನವರು ಮಜ್ಜಿಗೆಯ ಬಾಟಲಿಯನ್ನು ಅವನ ಕೈಗೆ ಕೊಟ್ಟು ತಾವೂ ಪಕ್ಕದಲ್ಲಿ ಕೂತರು. ಅವನು ಹತ್ತುತ್ತಾನೋ ಇಳಿಯುತ್ತಾನೋ ತೀರ್ಮಾನಿಸುವವರೆಗೆ ನಾವಿಬ್ಬರೂ ಅಲ್ಲೇ ಇದ್ದೆವು.