ಕಾಲ್ಗುಣದ ಲೆಕ್ಕ

ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರ ಬಲಗೈ ಹೆಬ್ಬೆರಳಿನ ತುದಿ ಸವೆದು ನುಣ್ಣಗಾಗಿತ್ತು. ಅದು ಸೀಮೆಸುಣ್ಣದಿಂದ ಆದದ್ದಲ್ಲ. ಬಿಡುವಾದಾಗಲೆಲ್ಲ ಅವರು ಕಾಲೇಜಿನ ಹಿಂದಿನ ಕಲ್ಲುಮೆಟ್ಟಿಲ ಮೇಲೆ ಕೂತು ಹುಣಸೆಬೀಜ ಉಜ್ಜುತ್ತಿದ್ದರು. ಒಂದು ಮಗ್ಗುಲು ಬೆಳ್ಳಗೆ, ಇನ್ನೊಂದು ಮಗ್ಗುಲು ಕಂದು. ನಮ್ಮ ಕಡೆ ಹೆಂಗಸರು ಚೌಕಾಬಾರ ಆಡುವಾಗ ಕವಡೆ ಸಿಗದಿದ್ದರೆ ಹಾಕುತ್ತಾರಲ್ಲ, ಅವೇ ಬೀಜ. ಜೇಬಿನಲ್ಲಿ ಅವು ಗಲಗಲ ಅನ್ನುವ ಸದ್ದು ಕೇಳಿದರೆ ಮೇಷ್ಟ್ರು ಬಂದರು ಎಂದು ನಾವು ಮಾತು ನಿಲ್ಲಿಸುತ್ತಿದ್ದೆವು. ತುಮಕೂರಿನ ಬೇರೆ ಮೇಷ್ಟ್ರುಗಳು ಗತ್ತಿನಿಂದ ಡಸ್ಟರ್ ಹಿಡಿದು ಬರುತ್ತಿದ್ದ ಕಾಲದಲ್ಲಿ ಇವರೊಬ್ಬರು ಅಜ್ಜಿಯರ ಆಟದ ಸಾಮಾನು ಹೊತ್ತು ತಿರುಗುತ್ತಿದ್ದರು.

ಮೊದಲ ದಿನವೇ ಮುಂದಿನ ಬೆಂಚಿನ ಹುಡುಗನ ಕೈಗೆ ನಾಲ್ಕು ಬೀಜ ಕೊಟ್ಟು ಹಾಕಿಸಿದರು. ನಾಲ್ಕೂ ಬೆಳ್ಳಗೆ ಬಿದ್ದವು. ಕ್ಲಾಸು ಹೋ ಎಂದಿತು.

"ಏನ್ಲಾ, ಇದು ನಿನ್ನ ಕೈಗುಣಾನೋ, ಇಲ್ಲಾ ನಾನು ಬೀಜ ಉಜ್ಜಿದ್ದೇ ಸರಿಯಿಲ್ವೋ?"

"ಕೈಗುಣ ಸಾರ್" ಎಂದ ಅವನು, ನಗುತ್ತ.

"ಸರಿ ಕಣೋ. ಆದ್ರೆ ಎರಡನ್ನೂ ಈಗ್ಲೇ ನಂಬೋದು ಬೇಡ. ಕೈಯಲ್ಲೂ ಏನಿಲ್ಲ, ಬೀಜದಲ್ಲೂ ಏನಿಲ್ಲ, ಸುಮ್ನೆ ಹಂಗೆ ಬಿತ್ತು ಅಂತ ಇಟ್ಕೊಂಡು ಶುರು ಮಾಡೋಣ. ಸುಮ್ನೆ ಬೀಳೋದಾದ್ರೆ ನಾಲ್ಕೂ ಬೆಳ್ಳಗೆ ಬೀಳೋದು ಹದಿನಾರಕ್ಕೆ ಒಂದ್ಸಲ. ಅದೇನು ಅಂಥ ಅಪರೂಪ ಅಲ್ಲ. ಹಾಕ್ತಾ ಇರು. ಸುಮ್ನೆ ಆಯ್ತು ಅಂತ ಹೇಳಕ್ಕೇ ಆಗದಷ್ಟು ಸಲ ಹಂಗೇ ಬಿದ್ರೆ, ಆಗ ಬಾ, ಮಾತಾಡೋಣ."

ಪುಸ್ತಕದಲ್ಲಿ ಶೂನ್ಯ ಪ್ರಾಕ್ಕಲ್ಪನೆ ಎಂದು ಬಾಯಿ ತಿರುಗದ ಹೆಸರಿಟ್ಟಿದ್ದ ವಿಷಯವನ್ನು ಅವರು ಅಷ್ಟರಲ್ಲಿ ಮುಗಿಸಿದ್ದರು. ಹುಡುಗ ಮತ್ತೆ ಮತ್ತೆ ಹಾಕಿದ. ಅವನ ಕೈಗುಣ ಗಂಟೆ ಹೊಡೆಯುವಷ್ಟರಲ್ಲಿ ಇಳಿದುಹೋಗಿತ್ತು.

ನಾನು ಮಾತ್ರ ನಗಲಿಲ್ಲ. ನಾನು ಆ ಕಾಲೇಜಿಗೆ ಬಂದದ್ದೇ ಕಾಲ್ಗುಣದ ದೆಸೆಯಿಂದ. ಎಪ್ಪತ್ತರ ದಶಕದ ನಡುವಿನ ಮಾತು. ಗುಬ್ಬಿಯಲ್ಲಿ ಪಿಯುಸಿ ಮುಗಿಸಿದ ಕೂಡಲೇ ನನ್ನನ್ನು ಕುಣಿಗಲ್ ತಾಲ್ಲೂಕಿಗೆ, ಮಾರ್ಕೋನಹಳ್ಳಿ ಕಡೆಯ ಒಂದು ಮನೆಗೆ ಕೊಟ್ಟರು. ಕಾಲುವೆ ನೀರಿನ ಗದ್ದೆ, ಕೆಟ್ಟ ಜನವೇನಲ್ಲ. ವರ್ಷ ತುಂಬುವುದರೊಳಗೆ ಗಂಡನ ತಂದೆ ಗದ್ದೆಯ ಬದುವಿನ ಮೇಲೆ ಕುಸಿದು ತೀರಿಕೊಂಡರು. ಅದರ ಹಿಂದೆಯೇ ಓರಗಿತ್ತಿಯ ಕೂಸು ಜ್ವರ ಬಂದು ಹೋಯಿತು. ಯಾರೂ ನನ್ನನ್ನು ಬಯ್ಯಲಿಲ್ಲ. ಆದರೆ ಬೆಳಗ್ಗೆ ಕೆಲಸಕ್ಕೆ ಹೊರಟವರು, ನಾನು ಎದುರಾದರೆ ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತು ಮತ್ತೆ ಹೊರಡತೊಡಗಿದರು. ಹೊಸ ಸೊಸೆ ಕಾಲಿಟ್ಟ ಗಳಿಗೆಯೇ ಸರಿಯಿಲ್ಲ ಎಂದು ಊರು ತೀರ್ಮಾನಿಸಿತ್ತು. ಒಂದು ದಿನ ಅತ್ತೆ, "ನಾಕು ದಿನ ಅಮ್ಮನ ಮನೇಲಿದ್ದು ಬಾ" ಎಂದರು. ಆ ನಾಲ್ಕು ದಿನ ಮುಗಿಯಲೇ ಇಲ್ಲ. ಕೊನೆಗೆ ತುಮಕೂರಿನ ಚಿಕ್ಕಪೇಟೆಯಲ್ಲಿದ್ದ ನನ್ನ ಸೋದರಮಾವ ಕರೆದುಕೊಂಡು ಬಂದು ಡಿಗ್ರಿಗೆ ಸೇರಿಸಿದರು.

ನನ್ನ ಕಾಲಿಗೆ ಅಷ್ಟೊಂದು ಶಕ್ತಿ ಇದ್ದಿದ್ದರೆ ನಾನು ಅದನ್ನು ಬೇರೆ ಯಾವುದಾದರೂ ಕೆಲಸಕ್ಕೆ ಬಳಸುತ್ತಿದ್ದೆ ಎಂದು ಈಗ ತಮಾಷೆ ಮಾಡಬಲ್ಲೆ. ಆಗ ನಾನೂ ನಂಬಿದ್ದೆ. ಸೋದರಮಾವನ ಮನೆಯಲ್ಲಿ ಪುಟ್ಟ ಮಕ್ಕಳಿದ್ದರು. ಅವರಿಗೆ ಚೂರು ಮೈ ಬಿಸಿಯಾದರೂ ನಾನು ಅವರ ಹತ್ತಿರ ಸುಳಿಯುತ್ತಿರಲಿಲ್ಲ.

ಒಂದು ದಿನ ಧೈರ್ಯ ಮಾಡಿ, ಯಾರದೋ ವಿಷಯ ಎಂಬಂತೆ ಮೇಷ್ಟ್ರನ್ನು ಕೇಳಿದೆ. "ಸಾರ್, ಒಬ್ಬಳು ಸೊಸೆಯಾಗಿ ಹೋದ ಮನೇಲಿ ವರ್ಷದೊಳಗೆ ಎರಡು ಸಾವಾಯ್ತು. ಅದನ್ನ ಸುಮ್ನೆ ಆಯ್ತು ಅನ್ನಬಹುದಾ?"

ಅವರು ನನ್ನ ಮುಖವನ್ನು ಒಂದು ಕ್ಷಣ ಹೆಚ್ಚೇ ನೋಡಿದರು. ಯಾರು, ಏನು ಎಂದು ಕೇಳಲಿಲ್ಲ. "ಒಂದು ಮನೆ ನೋಡಿ ಹೇಳಕ್ಕಾಗಲ್ಲ ಕಣಮ್ಮ. ಬೇರೆ ಮನೆಗಳನ್ನ ಕೇಳಬೇಕು" ಎಂದರು.

ಮಾರನೆಯ ದಿನ ಅದೇ ಇಡೀ ಕ್ಲಾಸಿನ ಕೆಲಸವಾಯಿತು. ನಮ್ಮಲ್ಲಿ ಗುಬ್ಬಿ, ಚೇಳೂರು, ಹುತ್ರಿದುರ್ಗದ ಕಡೆಯಿಂದೆಲ್ಲ ಬಂದವರಿದ್ದರು. ಊರಿಗೆ ಹೋದಾಗ ಮನೆಮನೆ ಕೇಳಿಕೊಂಡು ಬನ್ನಿ ಎಂದರು. ಹುಡುಗರು ಹುರುಪಿನಿಂದ ಹೋಗಿ ಬಂದರು. ಎಲ್ಲರ ಹತ್ತಿರವೂ ಮೈ ಜುಮ್ಮೆನ್ನುವ ಸುದ್ದಿ. ಸೊಸೆ ಬಂದ ವಾರಕ್ಕೆ ಮಾವ ಹೋದ, ಸೊಸೆ ಬಂದಳು ಬಾವಿ ಬತ್ತಿತು. ಕೇಳುತ್ತ ಕೇಳುತ್ತ ನಾನು ಬೆಂಚಿನಲ್ಲೇ ಕುಗ್ಗಿಹೋದೆ. ಮೇಷ್ಟ್ರು ಎಲ್ಲವನ್ನೂ ಕೇಳಿ ಹಾಳೆಗಳನ್ನು ಪಕ್ಕಕ್ಕಿಟ್ಟರು.

"ಇವೆಲ್ಲ ಕಥೆ ಇರೋ ಮನೆಗಳು ಕಣ್ರೋ. ಊರಲ್ಲಿ ಯಾರನ್ನ ಕೇಳಿದ್ರೂ ಕೈ ಮಾಡಿ ತೋರಿಸ್ತಾರೆ. ಸೊಸೆ ಬಂದು ಏನೂ ಆಗದೆ ಇರೋ ಮನೆಗೆ ಯಾರ್ಲಾ ಹೋದ್ರಿ? ಯಾವ ಸೊಸೇನೂ ಬರದೇನೆ ಸಾವಾದ ಮನೆಗೆ?"

ಯಾರೂ ಹೋಗಿರಲಿಲ್ಲ. ಏನೂ ಆಗದ ಮನೆಗೆ ಹೋಗಿ ಏನು ಕೇಳುವುದು ಎಂದು ನಮಗೆ ಹೊಳೆದೇ ಇರಲಿಲ್ಲ. ಆ ಸಲ ಅವರು ಪ್ರತಿ ಊರಿನ ಮನೆಗಳ ನಂಬರನ್ನು ಚೀಟಿಯಲ್ಲಿ ಬರೆಸಿ, ತಂಬಿಗೆಗೆ ಹಾಕಿ ಕುಲುಕಿ ಎತ್ತಿಸಿದರು. ಚೀಟಿ ಬಂದ ಮನೆಗೇ ಹೋಗಬೇಕು, ಪಕ್ಕದ ಮನೆಗೆ ಹೋಗುವಂತಿಲ್ಲ. ಚೇಳೂರಿನ ಹುಡುಗನನ್ನು ಒಬ್ಬ ಅಜ್ಜಿ, "ಮನೇಲಿ ಯಾರಾದ್ರೂ ಸತ್ತವ್ರಾ ಅಂತ ಕೇಳಕ್ಕೆ ಬಂದವ್ನೆ, ಮುಂದಕ್ಕೆ ಹೋಗ್ಲಾ" ಎಂದು ಓಡಿಸಿದರಂತೆ. ಅವನು ಎರಡನೆಯ ಸಲ ಹೋಗಿ ಕೇಳಿಕೊಂಡು ಬಂದ.

ಮೇಷ್ಟ್ರು ಬೋರ್ಡಿನ ಮೇಲೆ ನಾಲ್ಕು ಚೌಕ ಬರೆದರು. ಹಿಂದಿನ ವರ್ಷ ಸೊಸೆ ಬಂದ ಮನೆ, ಬಾರದ ಮನೆ; ಸಾವಾದದ್ದು, ಆಗದಿದ್ದದ್ದು. ಒಂದೊಂದು ಹಾಳೆಯನ್ನೂ ಓದಿ ಗೆರೆ ಎಳೆಯುತ್ತ ಹೋದರು. ಕಡೆಗೆ ನೋಡಿದರೆ ಸಾವು ಎರಡು ಬಗೆಯ ಮನೆಗಳಿಗೂ ಹೆಚ್ಚುಕಡಿಮೆ ಒಂದೇ ಸಮ ಬಂದಿತ್ತು. ಇದ್ದ ಚೂರು ವ್ಯತ್ಯಾಸ ಯಾವ ಕಾರಣವೂ ಇಲ್ಲದೆ ಬರಬಹುದಾದಷ್ಟು ಸಣ್ಣದು.

ಎಲ್ಲರೂ ಹೋದ ಮೇಲೆ ಅವರನ್ನು ಬಾಗಿಲಲ್ಲಿ ತಡೆದೆ. "ಹಾಗಾದ್ರೆ ನನ್ನ ಕಾಲ್ಗುಣ ಕೆಟ್ಟದ್ದಲ್ಲ ಅಂತ ಆಯ್ತಲ್ಲ ಸಾರ್?" 'ನನ್ನ' ಎಂಬ ಮಾತು ಬಾಯಿಂದ ಬಂದುಬಿಟ್ಟಿತ್ತು.

"ಹಂಗೆ ಹೇಳಕ್ಕೆ ಬರಲ್ಲ ಕಣಮ್ಮ. ಇದೆ ಅನ್ನೋಕೆ ಏನೂ ಸಿಗಲಿಲ್ಲ, ಅಷ್ಟು ಹೇಳಬೋದು. ಇಲ್ವೇ ಇಲ್ಲ ಅಂತ ಈ ಲೆಕ್ಕ ಹೇಳಲ್ಲ."

"ಬಾಯಿಮಾತಿಗಾದ್ರೂ ಹೇಳಿ ಸಾರ್."

"ಬಾಯಿಮಾತಿಗೆ ಹೇಳಿದ್ರೆ ಊರವ್ರು ಹೇಳಿದ್ದಕ್ಕೂ ನಾನು ಹೇಳಿದ್ದಕ್ಕೂ ಏನಮ್ಮ ವ್ಯತ್ಯಾಸ?"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮುಳುಗುವವಳಿಗೆ ಕೈ ಕೊಡಿ ಎಂದರೆ ನೀರಿನ ಆಳದ ಪಾಠ ಹೇಳುತ್ತಾರಲ್ಲ ಎನಿಸಿತು. ಬಹಳ ದಿನ ಅವರೊಡನೆ ಮಾತಾಡಲಿಲ್ಲ. ಎದುರಿಗೆ ಬಂದರೆ ಹುಡುಗಿಯರ ಗುಂಪಿನಲ್ಲಿ ಸೇರಿಕೊಳ್ಳುತ್ತಿದ್ದೆ.

ಆ ದಿನಗಳಲ್ಲೇ ಅವರು ನನ್ನ ಸೋದರಮಾವನಿಂದ ವಿಳಾಸ ಕೇಳಿಕೊಂಡು, ಒಂದು ಭಾನುವಾರ ಕುಣಿಗಲ್ ಬಸ್ಸು ಹತ್ತಿ ನನ್ನ ಅತ್ತೆಯ ಮನೆಗೆ ಹೋಗಿದ್ದರಂತೆ. ಜಗಲಿಯ ಮೇಲೆ ಆ ನಾಲ್ಕು ಚೌಕದ ಹಾಳೆ ಹರಡಿ ವಿವರಿಸಿದ್ದಾರೆ. ಅತ್ತೆ ಮಜ್ಜಿಗೆ ಕೊಟ್ಟು, ಪೂರ್ತಿ ಕೇಳಿಸಿಕೊಂಡು, ಹೇಳಿದರಂತೆ: "ನೀವು ಹೇಳೋದು ಸರಿ ಇರಬೋದು ಮೇಷ್ಟ್ರೇ. ಆದ್ರೆ ನಿಮ್ಮನೇಲಿ ಎಲ್ಲಾರೂ ಚೆನ್ನಾಗವ್ರೆ. ನಮ್ಮನೇಲಿ ಯಜಮಾನ್ರು ಹೋಗವ್ರೆ. ಹೋದೋರು ನಿಮ್ಮೋರಾಗಿದ್ರೆ ಈ ಹಾಳೆ ಹಿಡ್ಕೊಂಡು ಬರ್ತಿದ್ರಾ?"

ಇದನ್ನು ಮೇಷ್ಟ್ರೇ ನನಗೆ ಹೇಳಿದರು, ಆ ಕಲ್ಲುಮೆಟ್ಟಿಲ ಹತ್ತಿರ, ತಲೆ ತಗ್ಗಿಸಿಕೊಂಡು. "ಅವ್ರು ಕೇಳಿದ್ದು ಸರಿ ಕಣಮ್ಮ. ಅಳ್ತಾ ಇರೋರ ಮುಂದೆ ಹೋಗಿ ಲೆಕ್ಕ ಹಿಡಿದೆ. ಅದು ನನ್ನ ತಪ್ಪು."

ಮುಂದಿನ ವರ್ಷ ನನ್ನ ಗಂಡನಿಗೆ ಬೇರೆ ಮದುವೆಯಾಯಿತು. ಸುದ್ದಿ ಬಂದ ದಿನವೂ ಕ್ಲಾಸಿಗೆ ಹೋದೆ. ಮೇಷ್ಟ್ರಿಗೆ ಗೊತ್ತಾಗಿತ್ತು. ಸಂಜೆ ಮನೆಗೆ ಕರೆದುಕೊಂಡು ಹೋದರು. ಅವರ ಹೆಂಡತಿ ನನಗೆ ಅನ್ನ ಸಾರು ಬಡಿಸಿ ಪಕ್ಕದಲ್ಲಿ ಕೂತರು. ಮಕ್ಕಳಿಲ್ಲದ ಆ ಮನೆಗೆ ಆಮೇಲೆ ನಾನು ಹೇಳದೆ ಕೇಳದೆ ಹೋಗುವಂತಾದೆ.

ಡಿಗ್ರಿ ಮುಗಿಯಿತು. ತುಮಕೂರಿನ ಒಂದು ಆಫೀಸಿನಲ್ಲಿ ಅಂಕಿ-ಅಂಶ ನೋಡುವ ಕೆಲಸವೂ ಸಿಕ್ಕಿತು. ಎಂಬತ್ತರ ದಶಕ ಬರುವ ಹೊತ್ತಿಗೆ ಮೇಷ್ಟ್ರು ಕ್ಯಾತ್ಸಂದ್ರದ ಕಡೆ ಒಂದು ಸಣ್ಣ ಮನೆ ಕಟ್ಟಿಸಿದರು. ಗೃಹಪ್ರವೇಶದ ಬೆಳಗ್ಗೆ ನಾನು ಎಂದಿನಂತೆ ಹಿಂದೆ, ನೆಂಟರ ಮರೆಯಲ್ಲಿ ನಿಂತಿದ್ದೆ. ಹಸು ಒಳಗೆ ಹೋದ ಮೇಲೆ ದೀಪ ಹಿಡಿದು ಹೊಸಿಲು ದಾಟಬೇಕಾದವರು ಮನೆಯಾಕೆ. ಅವರು ತಿರುಗಿ ನೋಡಿ ನನ್ನನ್ನು ಕರೆದು ದೀಪ ನನ್ನ ಕೈಗೆ ಕೊಟ್ಟರು. ಮೇಷ್ಟ್ರ ಅಕ್ಕ, "ಅವಳ ಕೈಲಾ?" ಎಂದದ್ದು ಎಲ್ಲರಿಗೂ ಕೇಳಿಸಿತು.

"ಬೇಡ ಸಾರ್" ಎಂದೆ. "ನಾಳೆ ಏನಾದ್ರೂ ಆದ್ರೆ?"

"ಆಗೋದು ಎಲ್ಲಾ ಮನೇಲೂ ಆಗ್ತದೆ ಕಣಮ್ಮ. ನೀನು ನಡಿ" ಎಂದರು ಮೇಷ್ಟ್ರು. ಅಂದು ಬಾಯಿಮಾತಿಗೂ ಹೇಳಲೊಲ್ಲದ ಮನುಷ್ಯ, ತಮ್ಮ ಹೊಸ ಮನೆಯ ಹೊಸಿಲನ್ನೇ ನನ್ನ ಕಾಲಿಗೆ ಬಿಟ್ಟುಕೊಟ್ಟಿದ್ದರು. ನಾನು ಬಲಗಾಲಿಟ್ಟು ಒಳಗೆ ಹೋದೆ.

ಆ ಮಳೆಗಾಲ ಮುಗಿಯುವ ಮೊದಲೇ ಮೇಷ್ಟ್ರು ಹೋಗಿಬಿಟ್ಟರು. ಪಾಠ ಮಾಡುತ್ತಿದ್ದವರು ಎದೆ ಹಿಡಿದು ಕುರ್ಚಿಯಲ್ಲಿ ಕೂತರಂತೆ, ಆಸ್ಪತ್ರೆ ತಲುಪಲಿಲ್ಲ. ಆಫೀಸಿಗೆ ಸುದ್ದಿ ಬಂದಾಗ ಎದ್ದೆನೋ ಬಿದ್ದೆನೋ ಎಂದು ಓಡಿದೆ. ಗೇಟಿನ ಹತ್ತಿರ ಬಂದು ಕಾಲು ನಿಂತುಹೋಯಿತು. ಅಂಗಳದಲ್ಲಿದ್ದ ಮೇಷ್ಟ್ರ ಅಕ್ಕ ನನ್ನನ್ನು ನೋಡಿ, "ದೀಪ ತಂದೋಳು ಬಂದ್ಲು" ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಅಷ್ಟು ವರ್ಷ ಓದಿದ್ದು, ಆಫೀಸಿನಲ್ಲಿ ದಿನವೂ ಮಾಡುತ್ತಿದ್ದ ಲೆಕ್ಕ, ಒಂದೂ ನನ್ನ ನೆರವಿಗೆ ಬರಲಿಲ್ಲ. ನಾನೇ ಕೊಂದೆ ಎನಿಸಿತು. ತಿರುಗಿ ಹೊರಟುಬಿಡೋಣ ಎಂದುಕೊಂಡೆ.

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಒಳಗಿನಿಂದ ಬಂದರು. ತಲೆ ಕೆದರಿತ್ತು, ಕಣ್ಣು ಊದಿಕೊಂಡಿತ್ತು. ಹಿಡಿಯಲು ಬಂದವರ ಕೈ ಸರಿಸಿ ನೇರ ಗೇಟಿಗೆ ನಡೆದು ಬಂದರು.

"ಯಾಕೆ ಆಚೆ ನಿಂತಿದೀಯ?"

"ಅಮ್ಮಾ, ನನ್ನಿಂದ..."

"ಹೋಗಿರೋದು ನನ್ನ ಯಜಮಾನ್ರು. ನಿನ್ನಿಂದ ಅಂತ ಅನ್ನಬೇಕಾದ್ರೆ ನಾನು ಅನ್ನಬೇಕು. ನಾನು ಅನ್ನಲ್ಲ. ಒಳಗೆ ಬಾ."

ಮೊಣಕೈ ಹಿಡಿದು ಎಲ್ಲರೆದುರು ಹೊಸಿಲು ದಾಟಿಸಿ, ಮೇಷ್ಟ್ರ ತಲೆಯ ಪಕ್ಕ ನನ್ನನ್ನು ಕೂರಿಸಿದರು. ಗಂಡನ ತಂದೆ ಹೋದ ದಿನ, ಆ ಕೂಸು ಹೋದ ದಿನ, ನನಗೆ ಅಳುವುದಕ್ಕೂ ಹಕ್ಕಿಲ್ಲ ಎಂದು ಗೋಡೆಗೆ ಒರಗಿ ನಿಂತಿದ್ದವಳು ನಾನು. ಆ ದಿನ ಮಾತ್ರ, ತಮ್ಮವರನ್ನು ಕಳೆದುಕೊಂಡ ಎಲ್ಲರಂತೆ, ನನ್ನ ಮೇಷ್ಟ್ರು ಹೋದರಲ್ಲ ಎಂದು ಗಟ್ಟಿಯಾಗಿ ಅತ್ತುಬಿಟ್ಟೆ.